ಸ್ಥಾಪಕನ ಪಟ್ಟ ಯಾರ ತಲೆಗೆ?

ಟೆಸ್ಲಾ ಎಂದರೆ ಇಲಾನ್ ಮಸ್ಕ್ ಎಂದೇ ನಾವೆಲ್ಲ ಬಲ್ಲೆವು. ಆದರೆ 2003ರ ಜುಲೈನಲ್ಲಿ ಆ ಕಂಪನಿಯನ್ನು ಹುಟ್ಟುಹಾಕಿದವರು ಮಾರ್ಟಿನ್ ಎಬರ್‌ಹಾರ್ಡ್ ಮತ್ತು ಮಾರ್ಕ್ ಟಾರ್ಪೆನಿಂಗ್ ಎಂಬ ಇಬ್ಬರು ಎಂಜಿನಿಯರ್‌ಗಳು. ಮಸ್ಕ್ ಬಂದದ್ದು 2004ರಲ್ಲಿ. ಮೊದಲ ಸುತ್ತಿನ 75 ಲಕ್ಷ ಡಾಲರ್ ಬಂಡವಾಳದಲ್ಲಿ 65 ಲಕ್ಷ ಅವರದಾಗಿತ್ತು, ಮಂಡಳಿಯ ಅಧ್ಯಕ್ಷಗಿರಿಯೂ ಅವರದಾಯಿತು. 2007ರಲ್ಲಿ ಸಿಇಒ ಹುದ್ದೆ ಕಳೆದುಕೊಂಡ ಎಬರ್‌ಹಾರ್ಡ್ 2009ರಲ್ಲಿ ಮಸ್ಕ್ ವಿರುದ್ಧ ಕೋರ್ಟಿನ ಮೆಟ್ಟಿಲೇರಿದರು. ಕೊನೆಗೆ ರಾಜಿಯಾಯಿತು: ಈ ಮೂವರ ಜತೆ, ಆರಂಭದ ದಿನಗಳಲ್ಲೇ ಕಂಪನಿ ಸೇರಿದ್ದ ಇಯಾನ್ ರೈಟ್ ಹಾಗೂ ಜೆ.ಬಿ. ಸ್ಟ್ರಾಬೆಲ್ ಸೇರಿ ಐವರೂ ತಮ್ಮನ್ನು ಸಹಸ್ಥಾಪಕರೆಂದು ಕರೆದುಕೊಳ್ಳಬಹುದು! ಯಾರು ಏನು ಮಾಡಿದರು ಎಂಬ ಇತಿಹಾಸದ ಪ್ರಶ್ನೆಯನ್ನು ವಕೀಲರು ಕೂತು ಬಗೆಹರಿಸಿದ್ದು ಹೀಗೆ. ‘ಸ್ಥಾಪಕ’ ಎಂಬುದು ಹುಟ್ಟಿನಿಂದ ಬಂದ ಗುರುತಲ್ಲ, ಚೌಕಾಸಿಯಲ್ಲಿ ಸಿಗುವ ಬಿರುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈ ಐವರ ಹೆಸರು ಹೇಳಿದರೂ ಲೆಕ್ಕ ಮುಗಿಯುವುದಿಲ್ಲ. ಟೆಸ್ಲಾಗೆ ಪ್ರೇರಣೆಯಾದ ‘ಟೀಜೀರೊ’ ಎಂಬ ವಿದ್ಯುತ್ ಕಾರನ್ನು ಅದಕ್ಕೂ ಮೊದಲೇ ಮಾಡಿ ಓಡಿಸಿದ್ದು ಎಸಿ ಪ್ರೊಪಲ್ಶನ್ ಎಂಬ ಸಣ್ಣ ಸಂಸ್ಥೆ. ಅದರ ಅಲನ್ ಕೊಕೋನಿ ಹಿಂದೆ ಜನರಲ್ ಮೋಟಾರ್ಸ್‌ನ ವಿದ್ಯುತ್ ಕಾರಿಗಾಗಿ ದುಡಿದವರು. ಟೆಸ್ಲಾದ ಮೊದಲ ಕಾರು ರೋಡ್‌ಸ್ಟರ್‌ನ ಚಾಸಿಯ ಮೂಲ ಬ್ರಿಟನ್ನಿನ ಲೋಟಸ್ ಕಂಪನಿಯದು. ಅದರೊಳಗಿದ್ದದ್ದು ಲ್ಯಾಪ್‌ಟಾಪ್‌ಗಳಿಗೆ ಹಾಕುವಂಥವೇ 6,831 ಲಿಥಿಯಂ ಸೆಲ್‌ಗಳು. ಆ ಪುಟ್ಟ ಸೆಲ್ಲಿನ ಕಥೆಯೇ ದೊಡ್ಡದು. 1970ರ ದಶಕದಲ್ಲಿ ಎಕ್ಸಾನ್ ಎಂಬ ತೈಲ ಕಂಪನಿಯ ಪ್ರಯೋಗಾಲಯದಲ್ಲಿ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್ ಅದಕ್ಕೆ ಅಡಿಪಾಯ ಹಾಕಿದರು. 1980ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಜಾನ್ ಗುಡ್‌ಇನಫ್ ಕೋಬಾಲ್ಟ್ ಆಕ್ಸೈಡಿನಿಂದ ಅದರ ಶಕ್ತಿ ಹೆಚ್ಚಿಸಿದರು. ಜಪಾನಿನ ಅಕಿರಾ ಯೊಶಿನೊ 1985ರಲ್ಲಿ ಅದನ್ನು ಬಳಸಲು ಸುರಕ್ಷಿತವಾಗಿಸಿದರು. ಸೋನಿ ಕಂಪನಿ 1991ರಲ್ಲಿ ಮಾರುಕಟ್ಟೆಗಿಳಿಸಿತು. ಮೂವರಿಗೂ ನೊಬೆಲ್ ಬಂದದ್ದು 2019ರಲ್ಲಿ. ಆಗ ಗುಡ್‌ಇನಫ್‌ಗೆ 97 ವರ್ಷ. ಕಂಡುಹಿಡಿದವರಿಗೆ ಮನ್ನಣೆ ಸಿಗುವ ಹೊತ್ತಿಗೆ, ಅದನ್ನು ಕಾರಿಗೆ ತುಂಬಿದವರು ಜಗತ್ಪ್ರಸಿದ್ಧರಾಗಿದ್ದರು.

ಇದಕ್ಕೆ ಬರುವ ಆಕ್ಷೇಪ ಹಗುರವಾದುದಲ್ಲ. ಕಂಡುಹಿಡಿಯುವುದು ಬೇರೆ, ಕಟ್ಟುವುದು ಬೇರೆ. ಪ್ರಯೋಗಾಲಯದಲ್ಲಿ ಸೆಲ್ ಇದ್ದ ಮಾತ್ರಕ್ಕೆ ಬೀದಿಗೆ ಕಾರು ಬರುವುದಿಲ್ಲ. 2008ರ ಆರ್ಥಿಕ ಕುಸಿತದಲ್ಲಿ ಟೆಸ್ಲಾ ದಿವಾಳಿಯ ಅಂಚಿಗೆ ಬಂದಿದ್ದಾಗ ಮಸ್ಕ್ ಸ್ವಂತ ಹಣ ಸುರಿದರು, ಸಿಇಒ ಪಟ್ಟದಲ್ಲಿ ತಾವೇ ಕೂತರು. ಅದನ್ನು ಅಲ್ಲಗಳೆಯುವುದು ಬರೀ ಅಸೂಯೆಯಾದೀತು. ಆದರೆ ಆ ಪಾರಾಗುವಿಕೆಯಲ್ಲೂ ಬೇರೆ ಕೈಗಳಿದ್ದವು. ಜರ್ಮನಿಯ ಡೈಮ್ಲರ್ 2009ರಲ್ಲಿ ಬಂಡವಾಳ ಹೂಡಿತು. ಮರುವರ್ಷ ಅಮೆರಿಕದ ಸರ್ಕಾರ 46.5 ಕೋಟಿ ಡಾಲರ್ ಸಾಲ ಕೊಟ್ಟಿತು. ಟೆಸ್ಲಾ ಅದನ್ನು 2013ರಲ್ಲಿ, ಅವಧಿಗೆ ಮೊದಲೇ ತೀರಿಸಿತು, ನಿಜ. ಆದರೆ ಸಾಲ ತೀರಿತೆಂದು ಋಣವೂ ಹರಿದಂತಾಗದು.

ಛಲವೊಂದಿದ್ದರೆ ಎಲ್ಲ ಆಗುತ್ತದೆ ಎನ್ನುವವರು ಬೆಂಗಳೂರಿನ ಕಡೆ ನೋಡಬೇಕು. ಚೇತನ್ ಮೈನಿಯವರ ‘ರೇವಾ’ ವಿದ್ಯುತ್ ಕಾರು ರಸ್ತೆಗಿಳಿದದ್ದು 2001ರಲ್ಲಿ. ಟೆಸ್ಲಾ ಆಗಿನ್ನೂ ಹುಟ್ಟಿರಲಿಲ್ಲ. ಲಂಡನ್ನಿನ ಬೀದಿಗಳಲ್ಲಿ ಅದೇ ಕಾರು ‘ಜಿ-ವಿಜ್’ ಹೆಸರಿನಲ್ಲಿ ಓಡಿತು. ದೂರದೃಷ್ಟಿಯೂ ಹಟವೂ ಎರಡೂ ಇದ್ದವು. ಇಲ್ಲದಿದ್ದದ್ದು ಒಳ್ಳೆಯ ಸೆಲ್. ವರ್ಷಗಟ್ಟಲೆ ಅದು ಸೀಸ-ಆಮ್ಲದ ಹಳೇ ಬ್ಯಾಟರಿಯಲ್ಲೇ ಏದುಸಿರು ಬಿಟ್ಟಿತು. ದಶಕ ಕಾಯುವ ದುಡ್ಡೂ ಇರಲಿಲ್ಲ. 2010ರಲ್ಲಿ ಕಂಪನಿ ಮಹೀಂದ್ರಾದ ಪಾಲಾಯಿತು. ಟೆಸ್ಲಾ ಮೊದಲು ಸಿರಿವಂತರಿಗೆ ಸ್ಪೋರ್ಟ್ಸ್ ಕಾರು ಮಾರಿದ ಜಾಣತನ ರೇವಾಗೆ ಇರಲಿಲ್ಲ ಎನ್ನಬಹುದು, ಒಪ್ಪೋಣ. ಆ ಜಾಣತನಕ್ಕೂ ಮೊದಲು ಸಾವಿರಾರು ಲಿಥಿಯಂ ಸೆಲ್‌ಗಳು ಕೈಗೆಟುಕಬೇಕು.

ಹೊಸ ಉದ್ದಿಮೆಗಳಿಗೆ ನೆರವು ಎಂದಾಗಲೆಲ್ಲ ನಮ್ಮ ಸರ್ಕಾರಗಳಿಗೆ ಕಾಣುವುದು ವೇದಿಕೆಯ ಮೇಲೆ ನಿಂತ ಸ್ಥಾಪಕ. ಇಪ್ಪತ್ತು ವರ್ಷ ಒಂದೇ ರಾಸಾಯನಿಕದ ಹಿಂದೆ ಬೀಳುವ ಪ್ರಯೋಗಾಲಯ ಆ ಬೆಳಕಿನಲ್ಲಿ ಕಾಣುವುದೇ ಇಲ್ಲ. ಸ್ಥಾಪಕರ ಹಬ್ಬಗಳಿಗೆ ಹೋಗುವ ಹಣದ ಒಂದು ಪಾಲು ಅಲ್ಲಿಗೆ ಹರಿಯಬೇಕಿತ್ತು. ರೇವಾ ರಸ್ತೆಗಿಳಿದು ಎರಡು ದಶಕ ಕಳೆದರೂ ಭಾರತದ ವಿದ್ಯುತ್ ವಾಹನಗಳ ಲಿಥಿಯಂ ಸೆಲ್‌ಗಳಲ್ಲಿ ಬಹುಪಾಲು ಬರುತ್ತಿರುವುದು ಚೀನಾದಿಂದ.