ದಂಡ ಕಟ್ಟಿದರೆ ಚಟ ಬಿಟ್ಟೀತೆ?

ದಂಡಿಗನಹಳ್ಳಿ ಕಡೆಯ ಮನೆಗಳಲ್ಲಿ ರಾತ್ರಿ ಬೈಕಿನ ಸದ್ದಿಗೆ ಕಾಯುವವರಿಗೆ ದಂಡಕ್ಕಿಂತ ಜೀವದ ಚಿಂತೆಯೇ ದೊಡ್ಡದು.

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಿ ಮದ್ಯಸಾರವಿದ್ದಾಗ ವಾಹನ ಚಲಾಯಿಸುವುದು ಅಪರಾಧ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಮೊದಲ ಸಲಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ 10,000 ರೂ. ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಸೆರೆ, 15,000 ರೂ. ದಂಡ.

ಮಜ್ಜಿಗೆ, ನಿಂಬೆರಸ, ತಣ್ಣೀರಿನ ಸ್ನಾನ ಯಾವುದೂ ರಕ್ತದ ಮದ್ಯಸಾರವನ್ನು ಇಳಿಸದು. ಯಕೃತ್ತು ತನ್ನ ವೇಗದಲ್ಲೇ ಅದನ್ನು ಕರಗಿಸಬೇಕು.

ಪದೇ ಪದೇ ಸಿಕ್ಕಿಬೀಳುವುದು ಬರಿಯ ಸೊಕ್ಕಲ್ಲ, ಮದ್ಯವ್ಯಸನವೆಂಬ ಕಾಯಿಲೆಯ ಲಕ್ಷಣವೂ ಇರಬಹುದು. ಶಿಕ್ಷೆಯ ಜೊತೆಗೆ ಚಿಕಿತ್ಸೆಯೂ ಕಡ್ಡಾಯವಾಗಬೇಕು. ದಂಡದ ಹಣ ಹೊಂದಿಸುವ ಮನೆಯವರು ಅವನನ್ನು ಮನೋವೈದ್ಯರ ಬಳಿಗೂ ಕರೆದೊಯ್ಯಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ.