ಗಣಕಯಂತ್ರದ ಮುಂದಿನ ನಲವತ್ತು ನಿಮಿಷಗಳು

ನಮ್ಮ ಪ್ರೌಢಶಾಲೆಗಳಲ್ಲಿ ಗಣಕಯಂತ್ರದ ಕೊಠಡಿಯು ಈಗ ಅಪೂರ್ವವಾದುದೇನಲ್ಲ. ಭಾರತದ ಶಾಲೆಗಳಿಗೆ ಈ ಯಂತ್ರವನ್ನು ಪರಿಚಯ ಮಾಡಿಕೊಡುವ ‘ಕ್ಲಾಸ್’ ಎಂಬ ಯೋಜನೆಯು 1984ರಷ್ಟು ಹಿಂದೆಯೇ ಆರಂಭವಾಯಿತು. ಯಂತ್ರಗಳನ್ನು ಒದಗಿಸುವ ವಿಷಯವಾಗಿ ಅಂದಿನಿಂದ ಬೇಕಾದಷ್ಟು ಚರ್ಚೆ ನಡೆದಿದೆ. ಆದರೆ ಯಂತ್ರದ ಮುಂದೆ ಕುಳಿತ ವಿದ್ಯಾರ್ಥಿಯು ಮಾಡತಕ್ಕದ್ದೇನು ಎಂಬ ವಿಚಾರವು ಹಿಂದೆಯೇ ಉಳಿದಿದೆಯೆಂದು ನನಗೆ ತೋರುತ್ತದೆ.

ಲೆಕ್ಕವನ್ನು ನೋಡೋಣ. ಅವಧಿಯು 40 ನಿಮಿಷಗಳದು. ಒಂದು ಯಂತ್ರಕ್ಕೆ ನಾಲ್ವರು ಎಂದಿಟ್ಟುಕೊಂಡರೆ ಒಬ್ಬೊಬ್ಬರ ಪಾಲಿಗೆ 10 ನಿಮಿಷಗಳು. ಯಂತ್ರವು ಚಾಲನೆಗೆ ಬರುವಷ್ಟರಲ್ಲಿ, ಮಕ್ಕಳು ನೂಕಾಡಿ ಕುಳಿತುಕೊಳ್ಳುವಷ್ಟರಲ್ಲಿ ಇದರಲ್ಲಿಯೂ ಒಂದಂಶ ಕಳೆದುಹೋಗುತ್ತದೆ. ಮನೆಯಲ್ಲಿ ಯಂತ್ರವುಳ್ಳವನಿಗೆ ಈ ನಷ್ಟವು ತಟ್ಟಲಾರದು. ಶಾಲೆಯ ಯಂತ್ರವೊಂದೇ ಗತಿಯಾದ ಹುಡುಗಿಗೆ ಅದು ತುಂಬಿಬಾರದ ನಷ್ಟ. ಇಂಥ ಅವಧಿಗಳಲ್ಲಿ ವರ್ಷಗಟ್ಟಲೆ ಕುಳಿತು ಕಾಲೇಜಿಗೆ ಬಂದವರನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಚಿತ್ರಕ್ಕೆ ಬಣ್ಣ ತುಂಬುವುದು, ಹೆಸರನ್ನು ಬೆರಳಚ್ಚು ಮಾಡುವುದು ಅವರಿಗೆ ಚೆನ್ನಾಗಿ ಬರುತ್ತದೆ. ತಮ್ಮದೇ ಆದ ಒಂದು ಪ್ರಶ್ನೆಯನ್ನು ಯಂತ್ರದ ಮುಂದಿಟ್ಟು ಉತ್ತರವನ್ನು ಪಡೆದವರು ವಿರಳ.

ಲೇಖನಿ ಮೊದಲು, ಯಂತ್ರ ಅನಂತರ ಎಂಬುದು ನನ್ನ ಅಭಿಪ್ರಾಯ. ತಾನು ಏನನ್ನು ಕಾಣುವೆನೆಂದು ವಿದ್ಯಾರ್ಥಿಯು ಮೊದಲೇ ಬರೆದಿಟ್ಟ ಹೊರತು ಯಂತ್ರವನ್ನು ಮುಟ್ಟಕೂಡದು.

ಲೋಲಕದ ಪಾಠವನ್ನೇ ತೆಗೆದುಕೊಳ್ಳಿ. 1 ಮೀಟರು ಉದ್ದದ ದಾರಕ್ಕೆ ಕಲ್ಲೊಂದನ್ನು ಕಟ್ಟಿ, ತುಸುವೇ ಸರಿಸಿ ಬಿಟ್ಟರೆ, ಅದು 20 ಸಲ ಹೋಗಿಬರಲು ಸುಮಾರು 40 ಸೆಕೆಂಡುಗಳು ಹಿಡಿಯುತ್ತವೆ. ಇದಕ್ಕೆ ಗಣಕಯಂತ್ರವು ಬೇಕಿಲ್ಲ, ಜಗಲಿಯ ತೊಲೆ ಸಾಕು. (ಕಲ್ಲಿನಿಂದ ಆಗುವುದನ್ನು ಪರದೆಯ ಮೇಲೆ ತೋರಿಸುವುದು ಬರಿಯ ದುಂದು.) ಆದರೆ ಲೋಲಕವನ್ನು ಲಂಬದಿಂದ 60 ಡಿಗ್ರಿಗಳಷ್ಟು ಎಳೆದು ಬಿಟ್ಟರೆ ಏನಾದೀತು? ದೋಲನಕಾಲವು ಬೀಸಿನ ಅಗಲವನ್ನು ಅವಲಂಬಿಸದೆಂಬುದನ್ನು ಓದಿ, ಸಣ್ಣ ಬೀಸುಗಳಿಗೆ ಮಾತ್ರ ಎಂಬ ನಿಬಂಧನೆಯನ್ನು ಮರೆತ ಮಗು 40 ಎಂದೇ ಬರೆಯುತ್ತದೆ. ನಿಜವಾದ ದಾರದಿಂದ ಇದನ್ನು ಪರೀಕ್ಷಿಸುವುದು ಕಷ್ಟ. ಗಾಳಿಯ ತಡೆಯಿಂದ ಬೀಸು ಕುಗ್ಗುತ್ತ ಹೋಗುತ್ತದೆ. ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಆರಂಭಿಸಿದ ‘ಫೆಟ್’ ಯೋಜನೆಯವರು ಪರದೆಯ ಮೇಲೆ ಆಡುವ ಲೋಲಕವೊಂದನ್ನು ರಚಿಸಿದ್ದಾರೆ. ಅದರಲ್ಲಿ ಘರ್ಷಣೆಯನ್ನು ಸೊನ್ನೆಯಾಗಿಸಬಹುದು. ಆಗ 20 ದೋಲನಗಳಿಗೆ 43 ಸೆಕೆಂಡುಗಳು ಬರುತ್ತವೆ. ಮೊದಲೇ 40 ಎಂದು ಬರೆದಿಟ್ಟವನು ಈ ಮೂರು ಸೆಕೆಂಡುಗಳು ಎಲ್ಲಿಂದ ಬಂದುವೆಂದು ಕೇಳದೆ ಬಿಡಲಾರನು. ಬರೆಯದೆ ನೋಡಿದವನಿಗೆ 43 ಎಂಬುದು ಒಂದು ಅಂಕಿ ಮಾತ್ರ.

ಅದೇ ಲೋಲಕವನ್ನು ಚಂದ್ರನಲ್ಲಿಯೂ ತೂಗಿಬಿಡಬಹುದು. ಅಲ್ಲಿ ಸಣ್ಣ ಬೀಸಿನ 20 ದೋಲನಗಳಿಗೆ ಸುಮಾರು 99 ಸೆಕೆಂಡುಗಳು. ಗುರುತ್ವವೆಷ್ಟೆಂಬುದನ್ನು ಹೇಳದೆ ಮುಚ್ಚಿಟ್ಟ ಕಲ್ಪಿತ ಗ್ರಹವೊಂದೂ ಅದರಲ್ಲಿದೆ. ಅಳೆದು ಲೆಕ್ಕಮಾಡಿಯೇ ಅದನ್ನು ತಿಳಿಯಬೇಕು. ಇದನ್ನೆಲ್ಲ ಮುಂಚಿತವಾಗಿ ಇಳಿಸಿಟ್ಟುಕೊಂಡರೆ ಅಂತರ್ಜಾಲವಿಲ್ಲದ ಶಾಲೆಯಲ್ಲಿಯೂ ನಡೆಸಬಹುದು.

ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ತಾವಾಗಿಯೇ ಕಲಿಯುವರಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. 1999ರಲ್ಲಿ ಸುಗತ ಮಿತ್ರ ಅವರು ದೆಹಲಿಯ ಕಾಲ್ಕಾಜಿಯಲ್ಲಿ ಗೋಡೆಯ ಕಂಡಿಯೊಂದರಲ್ಲಿ ಗಣಕಯಂತ್ರವನ್ನು ಇಟ್ಟಾಗ, ಪಕ್ಕದ ಕೊಳೆಗೇರಿಯ ಮಕ್ಕಳು ಯಾರ ಬೋಧನೆಯೂ ಇಲ್ಲದೆ ಅದನ್ನು ನಡೆಸಲು ಕಲಿತುದು ನಿಜ. ಆದರೆ ಯಂತ್ರವನ್ನು ನಡೆಸುವ ಕೈಚಳಕವು ತಾನಾಗಿಯೇ ಬರುವುದಾದರೆ, ಅದನ್ನೇ ಕಲಿಸುತ್ತ ಅವಧಿಯನ್ನು ಕಳೆಯುವುದೇತಕ್ಕೆ?

ಇನ್ನು, ಒಬ್ಬರು ಮೌಸ್ ಹಿಡಿದಿರುವಾಗ ಉಳಿದ ಮೂವರ ಗತಿಯೇನು? ಒಬ್ಬರು ಕಾಲವನ್ನು ನೋಡಲಿ, ಒಬ್ಬರು ಬರೆದುಕೊಳ್ಳಲಿ, ಇನ್ನೊಬ್ಬರು ಲೆಕ್ಕ ಮಾಡಲಿ. 10 ನಿಮಿಷಕ್ಕೊಮ್ಮೆ ಸ್ಥಾನವನ್ನು ಬದಲಿಸುವ ಹೊಣೆ ಉಪಾಧ್ಯಾಯರದು. ಇಲ್ಲವಾದರೆ ಗುಂಪಿನಲ್ಲಿ ಜೋರಾದ ಹುಡುಗನ ಕೈಯಲ್ಲಿಯೇ ಮೌಸ್ ಉಳಿದುಬಿಡುತ್ತದೆ. ಪ್ರಶ್ನೆಯನ್ನಂತೂ ಹಿಂದಿನ ದಿನವೇ ಕೊಟ್ಟಿರಬೇಕು. ಮಕ್ಕಳು ಉತ್ತರವನ್ನು ಊಹಿಸಿ ಬರೆದುಕೊಂಡೇ ಕೊಠಡಿಗೆ ಬರಲಿ. ನಡುವೆ ವಿದ್ಯುತ್ತು ನಿಂತರೂ ಅಷ್ಟರವರೆಗೆ ಬರೆದುಕೊಂಡ ಅಂಕಿಗಳಿಂದ ಲೆಕ್ಕವನ್ನು ಮುಂದುವರಿಸಬಹುದು.