ಒಳ್ಳೆ ಮಾತಿಗೂ ಒಂದು ವಿಳಾಸ ಬೇಕು

ದಸರಾ ಬೊಂಬೆಗಳು ಇನ್ನೂ ಅಟ್ಟ ಸೇರಿಲ್ಲ, ಇವಳು ಆಗಲೇ ಸಂಕ್ರಾಂತಿ ಕಾರ್ಡಿನ ಮಾತಾಡ್ತಿದ್ದಾಳಲ್ಲ ಅಂತ ನಗಬೇಡಿ. ಸಂಕ್ರಾಂತಿಯಲ್ಲಿ ಒಂದು ಅನುಕೂಲ ಇದೆ. ಯುಗಾದಿ, ದೀಪಾವಳಿಯ ಹಾಗೆ ಅದರ ತಾರೀಖು ವರ್ಷವರ್ಷ ಓಡಾಡುವುದಿಲ್ಲ. ಸೂರ್ಯನ ಲೆಕ್ಕದ ಹಬ್ಬ, ಜನವರಿ 14 ಇಲ್ಲವೇ 15ಕ್ಕೆ ಬರುತ್ತೆ. ಅದಕ್ಕೆ ಎರಡು ವಾರ ಮುಂಚೆ ಹೊಸ ವರ್ಷ. ಒಂದೇ ಕಾರ್ಡು ಎರಡಕ್ಕೂ ಸಲ್ಲುತ್ತೆ.

ಕೆಲಸ, ಟ್ರಾಫಿಕ್, ಮೀಟಿಂಗ್ ಮಧ್ಯೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಅಂತೀರಾ? ಹಬ್ಬದ ಕಾರ್ಡು ಶುರುವಾಗಿದ್ದೇ ಪುರುಸೊತ್ತಿಲ್ಲದ ಒಬ್ಬರಿಂದ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಅವರಿಗೆ ಕ್ರಿಸ್ಮಸ್‌ಗೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯಲು ಸಮಯ ಇರಲಿಲ್ಲ. ಕಲಾವಿದ ಜಾನ್ ಹಾರ್ಸ್ಲಿ ಕೈಲಿ ಚಿತ್ರ ಬರೆಸಿ, ಸಾವಿರ ಕಾರ್ಡು ಅಚ್ಚು ಹಾಕಿಸಿದರು. ಯಾರಿಗೆ, ಯಾರಿಂದ ಅನ್ನೋ ಎರಡು ಜಾಗ ಖಾಲಿ. ಹೆಸರು ತುಂಬಿಸಿದರೆ ಮುಗೀತು.

ನನ್ನ ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರಿವೆ. ಉಳಿದವರಿಗೆಲ್ಲ ನಾನೂ ವಾಟ್ಸ್‌ಆ್ಯಪ್‌ನಲ್ಲೇ ಕಳಿಸೋದು. ಅಕ್ಟೋಬರ್ ತಿಂಗಳ ಕೆಲಸ ಇಷ್ಟೇ: ದಿನಕ್ಕೆ ಒಬ್ಬರಿಗೆ ಫೋನ್ ಮಾಡಿ, 'ವಿಳಾಸ ಅದೇ ತಾನೇ?' ಅಂತ ಕೇಳೋದು. ಆಫೀಸಿಂದ ಮನೆಗೆ ಬರುವ ದಾರಿಯಲ್ಲಿ ಆಗಿಹೋಗುತ್ತೆ. ನಿಜ ಹೇಳಬೇಕೆಂದರೆ, ಕಾರ್ಡಿಗಿಂತ ಮುಖ್ಯವಾದದ್ದು ಈ ಫೋನ್.

ಹೋದ ವರ್ಷ ತಿಪಟೂರಿನ ಸೋದರತ್ತೆಯ ವಿಳಾಸ ಕೇಳಿದಾಗ, ಅವರೀಗ ಶಿವಮೊಗ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ ಅಂತ ಗೊತ್ತಾಯಿತು. ಕಿವಿ ಮೊದಲೇ ಮಂದ, ಫೋನಲ್ಲಿ ಮಾತು ಕೇಳಿಸದು. ಅವರ ಕಾರ್ಡನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ, ಒಂದು ಸಾಲಿಗೆ ಮೂರೇ ಪದ ಬರುವಷ್ಟು ದೊಡ್ಡದಾಗಿ ಬರೆದೆ. ಅತ್ತೆ ತಾವೇ ಓದಿಕೊಂಡರಂತೆ, ಯಾರನ್ನೂ ಕೇಳದೆ.

ಇನ್ನೊಂದು ಮನೆಗೆ ಫೋನ್ ಮಾಡಿದಾಗ, ಯಜಮಾನರು ಜೂನ್‌ನಲ್ಲೇ ತೀರಿಕೊಂಡಿದ್ದರು. ಸುದ್ದಿ ನನ್ನ ತನಕ ಬಂದಿರಲಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ವರ್ಷ ತುಂಬುವವರೆಗೆ ಹಬ್ಬ ಮಾಡೋದಿಲ್ಲ. ಆ ಮನೆ ಬಾಗಿಲಿಗೆ ಕಬ್ಬು, ಗಾಳಿಪಟದ ಚಿತ್ರದ 'ಶುಭಾಶಯ' ಹೋಗಿ ಬಿದ್ದರೆ ಹೇಗಿರುತ್ತೆ ಯೋಚಿಸಿ. ಅವರಿಗೆ ಕಾರ್ಡು ಬೇಡ ಅಂತ ಇನ್‌ಲ್ಯಾಂಡ್ ಲೆಟರ್ ತಂದೆ. ಯಜಮಾನರು ನನಗೆ ಸೈಕಲ್ ಕಲಿಸಿದ್ದನ್ನ ಬರೆದೆ. ಅಕ್ಟೋಬರ್‌ನಲ್ಲಿ ಕೇಳಿದ್ದರಿಂದ ಬರೆಯೋಕೆ ಸಮಯ ಇತ್ತು.

ನವೆಂಬರ್ ಖರೀದಿಯ ತಿಂಗಳು. ಕಾರ್ಡು, ಕವರ್, ಸ್ಟ್ಯಾಂಪು ಒಂದೇ ಸಲ ತಂದಿಡಿ. ದೇಶದೊಳಗೆ 20 ಗ್ರಾಂ ತನಕದ ಕವರ್‌ಗೆ 5 ರೂಪಾಯಿ ಸ್ಟ್ಯಾಂಪು. ದಪ್ಪ ರಟ್ಟಿನ ಕಾರ್ಡಾದರೆ ಒಂದನ್ನು ಅಂಚೆ ಕಚೇರಿ ಕೌಂಟರ್‌ನಲ್ಲಿ ತೂಕ ಹಾಕಿಸಿ, ಆಮೇಲೆ ಉಳಿದವಕ್ಕೆ ಅಂಟಿಸಿ. ಪಿನ್‌ಕೋಡ್ ಬಿಡಲೇಬೇಡಿ. ಒಂದೇ ಹೆಸರಿನ ಊರುಗಳು, ಬೇರೆಬೇರೆ ಭಾಷೆಯ ವಿಳಾಸಗಳು ಗೊಂದಲ ಮಾಡಬಾರದು ಅಂತಲೇ 1972ರ ಆಗಸ್ಟ್ 15ರಂದು ಅದು ಬಂದದ್ದು. ಕೊನೆಯ ಮೂರು ಅಂಕಿ ನಿಮ್ಮವರ ಅಂಚೆ ಕಚೇರಿಯನ್ನೇ ಹೇಳುತ್ತವೆ. ಒಂದು ಅಂಕಿ ತಪ್ಪಿದರೂ ಕಾರ್ಡು ಊರು ಸುತ್ತಿ ಬರುತ್ತೆ.

ಡಿಸೆಂಬರ್ ಮೊದಲ ವಾರ ವಿದೇಶದ ಕಾರ್ಡುಗಳು ಹೊರಡಲಿ. ದೇಶದ ಹೆಸರು ಕೊನೆಯ ಸಾಲಿನಲ್ಲಿ, ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಅಮೆರಿಕದ ತಂಗಿಗೆ ಅಂತ ಒಳಗೆ ಕುಸುರೆಳ್ಳು ಇಡೋದು ಬೇಡ, ತಿನ್ನುವ ಪದಾರ್ಥಕ್ಕೆ ಅಲ್ಲಿನ ಕಸ್ಟಮ್ಸ್ ತಗಾದೆ ಇರುತ್ತೆ. ಊರಿನವರಿಗೆ ನಾಲ್ಕು ಕಾಳು ಕಾಗದದಲ್ಲಿ ಚಪ್ಪಟೆಯಾಗಿ ಮಡಿಸಿ ಇಡಬಹುದು. ಮುದ್ರೆ ಏಟಿಗೆ ಪುಡಿಯಾದರೂ ಸಿಹಿ ಸಿಹಿಯೇ.

ಆಮೇಲಿನ ಎರಡು ವಾರ, ರಾತ್ರಿ ಊಟ ಆದಮೇಲೆ ಎರಡೆರಡು ಕಾರ್ಡು. ಅದಕ್ಕಿಂತ ಹೆಚ್ಚು ಬೇಡ, ಐದನೆಯದಕ್ಕೆ ಬರುವಷ್ಟರಲ್ಲಿ ಕೈ ಸೋತು ಬರೀ ಸಹಿ ಮಾಡಿ ಮುಗಿಸ್ತೀವಿ. 'ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ' ಅಂತ ಅಚ್ಚಾಗಿರುತ್ತೆ ಸರಿ, ಆ ಒಳ್ಳೆ ಮಾತನ್ನ ನಾವೇ ಬರೀಬೇಕಲ್ವಾ? ಮೂರು ಸಾಲು ಸಾಕು. ಒಂದು ಅವರ ಬಗ್ಗೆ, ಒಂದು ನಿಮ್ಮ ಬಗ್ಗೆ, ಒಂದು ಮುಂದೆ ಯಾವಾಗ ಸಿಗೋಣ ಅನ್ನೋದು. 'ನೀವು ಕೊಟ್ಟ ಕರಿಬೇವಿನ ಗಿಡ ಬಾಲ್ಕನಿಯಲ್ಲಿ ಚಿಗುರಿದೆ' ಅಂತ ಬರೆದರೆ, ಕೊಟ್ಟವರಿಗೆ ಅದೇ ಹಬ್ಬ. ಡಿಸೆಂಬರ್ ಕೊನೆಯೊಳಗೆ ಎಲ್ಲ ಡಬ್ಬಿಗೆ ಬಿದ್ದಿರಲಿ.

ಇಪ್ಪತ್ತೆರಡು ಜಾಸ್ತಿ ಅನ್ನಿಸಿದರೆ ಐದೇ ಹೆಸರು ಬರೆದುಕೊಳ್ಳಿ. ಫೋನ್ ಕೈಯಲ್ಲೇ ಇದೆಯಲ್ಲ, ನೋಟ್ಸ್ ತೆರೆದು, ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರ ಹೆಸರನ್ನ ಮೊದಲು ಹಾಕಿ. ನಾಳೆ ಸಂಜೆ ಅವರಿಗೊಂದು ಕರೆ ಮಾಡಿ ಪಿನ್‌ಕೋಡ್ ಕೇಳಿ. ಉಳಿದ ಮಾತು ತಾನಾಗಿಯೇ ಬರುತ್ತೆ.